‘ಗೂರ್ಮೇ’ ಮತ್ತು ‘ಗೂರ್ಮಂಡ್’ ಪದಗಳ ಅರ್ಥ ಒಂದೇ ಅಲ್ಲವೇ?

ಅಲ್ಲ. ಎರಡೂ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಿವೆ, ಎರಡೂ ಊಟದ ಒಲವನ್ನೇ ಸೂಚಿಸುತ್ತವೆ. ಆದರೆ ಒಲವಿನ ಬಗೆ ಬೇರೆ.

‘ಗೂರ್ಮೇ’ ಪದದ ಹಿಂದಿರುವುದು ವೈನ್ ವ್ಯಾಪಾರಿಯ ಆಳನ್ನು ಸೂಚಿಸುತ್ತಿದ್ದ ಹಳೆಯ ಫ್ರೆಂಚ್ ಪದ. ಅದು ಕ್ರಮೇಣ ವೈನಿನ ರುಚಿ ನೋಡಿ ಗುಣ ಹೇಳಬಲ್ಲವನಿಗೂ, ಅನಂತರ ಒಳ್ಳೆಯ ಆಹಾರದ ಸೂಕ್ಷ್ಮಗಳನ್ನು ಬಲ್ಲವನಿಗೂ ಸಲ್ಲತೊಡಗಿ, 19ನೇ ಶತಮಾನದಲ್ಲಿ ಇದೇ ಅರ್ಥದೊಡನೆ ಇಂಗ್ಲಿಷಿನಲ್ಲಿ ನೆಲೆಗೊಂಡಿತು. ಕನ್ನಡದ ‘ರಸಜ್ಞ’ ಇದಕ್ಕೆ ಹತ್ತಿರದ್ದು.

‘ಗೂರ್ಮಂಡ್’ ಇಂಗ್ಲಿಷಿಗೆ ಬಂದದ್ದು ಅದಕ್ಕಿಂತ ಬಹಳ ಮೊದಲು, 15ನೇ ಶತಮಾನದಲ್ಲಿ; ಆಗ ಅದರ ಅರ್ಥ ನೇರವಾಗಿ ಹೊಟ್ಟೆಬಾಕ ಎಂದೇ ಇತ್ತು. ಫ್ರೆಂಚಿನಲ್ಲಿ ಕ್ರೈಸ್ತರ ಏಳು ಮಹಾಪಾಪಗಳ ಪೈಕಿ ಅತಿಭೋಜನವನ್ನು ‘ಗೂರ್ಮಾಂದೀಸ್’ ಎಂದು ಕರೆಯುವುದರಲ್ಲಿ ಆ ಛಾಯೆ ಉಳಿದಿದೆ. ಮುಂದೆ ಬೈಗುಳದ ಮೊನಚು ಕಡಿಮೆಯಾಗಿ, ರುಚಿಯಾದುದನ್ನು ಮನಸಾರೆ, ತುಸು ಹೆಚ್ಚಾಗಿಯೇ ಉಣ್ಣುವ ಭೋಜನಪ್ರಿಯನಿಗೂ ಈ ಪದ ಸಲ್ಲುವಂತಾಯಿತು. ಆದರೂ ಇಂಗ್ಲಿಷಿನಲ್ಲಿ ಯಾರನ್ನಾದರೂ ಹೊಗಳಬೇಕಿದ್ದರೆ ‘ಗೂರ್ಮೇ’ ಬಳಸುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಬಳಕೆಯಲ್ಲಿ ಇನ್ನೊಂದು ವ್ಯತ್ಯಾಸವಿದೆ. ‘ಗೂರ್ಮೇ ಕಾಫಿ’ ಎಂಬಂತೆ ಮೊದಲನೆಯದು ತಿನಿಸು ಪಾನೀಯಗಳಿಗೂ ವಿಶೇಷಣವಾಗುತ್ತದೆ (ಜಾಹೀರಾತುಗಳಲ್ಲಂತೂ ಅದು ‘ದುಬಾರಿ’ ಎಂಬುದರ ಸಭ್ಯ ರೂಪವಾಗಿಬಿಟ್ಟಿದೆ). ಎರಡನೆಯದನ್ನು ಹಾಗೆ ಬಳಸುವುದು ವಿರಳ. ವೆನಿಲ್ಲಾ, ಕ್ಯಾರಮೆಲ್, ಚಾಕೊಲೇಟಿನಂತಹ ಸಿಹಿ ಪರಿಮಳವುಳ್ಳ ಸುಗಂಧದ್ರವ್ಯಗಳಿಗೆ ಮಾತ್ರ ‘ಗೂರ್ಮಂಡ್’ ಎಂಬ ವರ್ಗನಾಮ ರೂಢಿಯಲ್ಲಿದೆ.