ಡ್ರೈವರ್ ಸಿದ್ಧವಿರುವಾಗ ಬೈಂಡಿಂಗ್ ದಾಖಲೆ ಏಕೆ?

ಪ್ರಶ್ನೆ: ಕಾಫಿ ತೋಟದ ಮಣ್ಣಿನ ತೇವ ಅಳೆಯುವ ಐ-ಸ್ಕ್ವೇರ್-ಸಿ (ಎರಡು ತಂತಿಗಳ ಮೂಲಕ ಚಿಪ್ಪುಗಳನ್ನು ಜೋಡಿಸುವ I2C ವಿಧಾನ) ಸೆನ್ಸರ್ ಒಂದಕ್ಕೆ ನಾವು ಬರೆದ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಸರಿಯಾಗಿಯೇ ಕೆಲಸ ಮಾಡುತ್ತಿದೆ. ಅದನ್ನು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಸೇರಿಸಲು ಡಿವೈಸ್ ಟ್ರೀ ಬೈಂಡಿಂಗ್ ದಾಖಲೆಯನ್ನೂ ಕೇಳುತ್ತಾರೆ. ಇದರ ಅಗತ್ಯವೇನು?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಯುಎಸ್‌ಬಿ ಸಾಧನವು ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ, ಐ-ಸ್ಕ್ವೇರ್-ಸಿಯಲ್ಲಿ ಆ ವ್ಯವಸ್ಥೆಯಿಲ್ಲ. ಆದ್ದರಿಂದ ಯಾವ ಸೆನ್ಸರ್, ಯಾವ ವಿಳಾಸದಲ್ಲಿ, ಯಾವ ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ತಂತಿಯೊಡನೆ ಕುಳಿತಿದೆ ಎಂಬುದನ್ನು ಡಿವೈಸ್ ಟ್ರೀ ಎಂಬ ಹಾರ್ಡ್‌ವೇರ್ ವರ್ಣನೆ ಕರ್ನಲ್‌ಗೆ ತಿಳಿಸುತ್ತದೆ, ಮತ್ತು ಹಾಗೆ ತಿಳಿಸುವಾಗ ಯಾವ ಗುಣಗಳನ್ನು (ಪ್ರಾಪರ್ಟಿ) ಯಾವ ಹೆಸರಿನಲ್ಲಿ ಬರೆಯಬೇಕೆಂಬ ಒಪ್ಪಂದವೇ ಬೈಂಡಿಂಗ್.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮ, ದಾಖಲೆಯು ಹಾರ್ಡ್‌ವೇರನ್ನು ವರ್ಣಿಸಬೇಕೇ ಹೊರತು ನಿಮ್ಮ ಡ್ರೈವರನ್ನಲ್ಲ ಎಂಬುದು. ಸೆನ್ಸರಿಗೆ ವಿದ್ಯುತ್ ಪೂರೈಸುವ ರೆಗ್ಯುಲೇಟರನ್ನು ಡ್ರೈವರ್ ಇನ್ನೂ ಬಳಸದಿದ್ದರೂ ಅದನ್ನು ನಮೂದಿಸಿ. ಎಷ್ಟು ನಿಮಿಷಕ್ಕೊಮ್ಮೆ ತೇವ ಅಳೆಯಬೇಕೆಂಬುದು ಬಳಕೆದಾರರ ಆಯ್ಕೆಯಾದ್ದರಿಂದ ಅದನ್ನು ಬಿಡಿ. ಇದೇ ವರ್ಣನೆಯನ್ನು ಬೂಟ್‌ಲೋಡರ್ ಆದ ಯು-ಬೂಟ್, ಮತ್ತೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಗಳೂ ಓದಬಲ್ಲವು. ಜೊತೆಗೆ, ತೋಟದಲ್ಲಿ ಈಗಾಗಲೇ ನೆಟ್ಟಿರುವ ಬೋರ್ಡಿನ ಹಳೆಯ ಡಿವೈಸ್ ಟ್ರೀ ಮುಂದಿನ ಕರ್ನಲ್‌ನಲ್ಲಿಯೂ ನಡೆಯಬೇಕಾಗಿರುವುದರಿಂದ, ಒಮ್ಮೆ ಒಪ್ಪಿತವಾದ ಹೆಸರನ್ನು ಆಮೇಲೆ ಬದಲಿಸುವುದು ಬಹಳ ಕಷ್ಟ. ಸಾಧನಕ್ಕೆ ತಕ್ಕ ಡ್ರೈವರನ್ನು ಹೊಂದಿಸುವ ‘ಕಂಪ್ಯಾಟಿಬಲ್’ ಸಾಲಿನಲ್ಲಿ ತಯಾರಕರ ಹೆಸರಿನೊಡನೆ ಚಿಪ್ಪಿನ ಖಚಿತ ಮಾದರಿಯನ್ನೇ ಬರೆಯಿರಿ. ಇಡೀ ಸರಣಿಗೆ ಹೊಂದುವ ಅಸ್ಪಷ್ಟ ಹೆಸರು ಬೇಡ.

ದಾಖಲೆಯನ್ನು ಯಾಮಲ್ (YAML ಎಂಬ ಪಠ್ಯ ವಿನ್ಯಾಸ) ರೂಪದಲ್ಲಿ, ಒಂದು ಉದಾಹರಣೆಯೊಡನೆ ಬರೆದು, ‘ಮೇಕ್ ಡಿಟಿ_ಬೈಂಡಿಂಗ್_ಚೆಕ್’ ಆದೇಶದಿಂದ ಪರೀಕ್ಷಿಸಿ, ಡ್ರೈವರಿಗಿಂತ ಮೊದಲು ಪ್ರತ್ಯೇಕ ಪ್ಯಾಚ್ (ಕೋಡಿನ ಬದಲಾವಣೆಯ ಕಡತ) ಆಗಿ ಕಳುಹಿಸಿ. ವಿವರಣೆಯ ಸಾಲುಗಳಲ್ಲಿ ಗುಣದ ಹೆಸರನ್ನೇ ಮತ್ತೆ ಬರೆಯುವುದು ವ್ಯರ್ಥ; ಅದರ ಏಕಮಾನ, ಮಿತಿ ಮತ್ತು ಬರೆಯದಿದ್ದಾಗ ಅನ್ವಯವಾಗುವ ಮೌಲ್ಯವನ್ನು ತಿಳಿಸಿ.