ನಮ್ಮಂಥ ಸಣ್ಣ ಕಲಾವಿದರು ಎಐ ಬಗ್ಗೆ ಸರ್ಕಾರಕ್ಕೆ ಬರೆದರೆ ಯಾರು ಕೇಳುತ್ತಾರೆ?

ನಾನು ಬರೆದಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ತುಮಕೂರಿನಲ್ಲಿ ಚಿತ್ರ ಬರೆದು ಬದುಕುವವನು ನಾನು. ಪುಸ್ತಕದ ಮುಖಪುಟ, ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಏನು ಬಂದರೂ ಸೈ. ಹೋದ ವರ್ಷ ಗೆಳೆಯನೊಬ್ಬ ತನ್ನ ಗೃಹಪ್ರವೇಶದ ಕಾರ್ಡ್ ಕೊಟ್ಟ. ಹೊಸ್ತಿಲಲ್ಲಿ ಹಸು-ಕರು, ಮೇಲೆ ಮಾವಿನ ತೋರಣ, ತೋರಣದ ಎಡತುದಿಯಲ್ಲಿ ಒಂದು ಗುಬ್ಬಿ. ಆ ಗುಬ್ಬಿ ನನ್ನದು! 2016ರಲ್ಲಿ ವಾಟರ್ ಕಲರಿನಲ್ಲಿ ಬರೆದಿದ್ದೆ. ಈಗ ಅದರ ಬಾಲ ಮಾವಿನೆಲೆಯೊಳಗೆ ಕರಗಿಹೋಗಿತ್ತು. ಕರುವಿನ ಮೈ ಪ್ಲಾಸ್ಟಿಕ್ ಬೊಂಬೆ ಥರ ಹೊಳೆಯುತ್ತಿತ್ತು. ಪ್ರೆಸ್ ಮಾಲೀಕರನ್ನು ಕೇಳಿದೆ. "ನಿಮ್ಮ ಹಳೇ ಚಿತ್ರಾನೇ ಎಐಗೆ ಹಾಕಿ ಹೊಸದು ಮಾಡಿಸಿದ್ವಿ. ಅವತ್ತೇ ದುಡ್ಡು ಕೊಟ್ಟಿದ್ವಲ್ಲ ಸಾರ್" ಅಂದರು.

ಸಿಟ್ಟು ಬಂತು. ಆದರೆ 1957ರ ಕಾಪಿರೈಟ್ ಕಾಯ್ದೆ ತೆಗೆದು ನೋಡಿದರೆ ಅವರ ಮಾತಿಗೂ ಬಲ ಇತ್ತು. ದುಡ್ಡು ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಸೆಕ್ಷನ್ 17. ನಮ್ಮಲ್ಲಿ ಒಪ್ಪಂದ ಯಾರು ಮಾಡಿಕೊಳ್ಳುತ್ತಾರೆ? ಟೀ ಕುಡಿದು ಸೈಜ್ ಹೇಳಿದರೆ ಮುಗೀತು, ಅಲ್ವಾ?

ಕೇಂದ್ರದಲ್ಲಿ ಕಾಪಿರೈಟ್ ವಿಷಯ ನೋಡಿಕೊಳ್ಳುವ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ (ಡಿಪಿಐಐಟಿ) 2025ರ ಡಿಸೆಂಬರಿನಲ್ಲಿ ಎಐ ಮತ್ತು ಕಾಪಿರೈಟ್ ಬಗ್ಗೆ ಒಂದು ಚರ್ಚಾಪತ್ರ ಹೊರಡಿಸಿ ಅಭಿಪ್ರಾಯ ಕೇಳಿತು. ಅದರ ಪ್ರಸ್ತಾಪದ ಪ್ರಕಾರ ಎಐ ಕಂಪನಿಗಳು ಕಾನೂನುಬದ್ಧವಾಗಿ ಸಿಕ್ಕ ಯಾವ ಕೃತಿಯನ್ನಾದರೂ ತಮ್ಮ ಎಐಗೆ ಕಲಿಸಲು ಬಳಸಬಹುದು. ಕೊಡಲ್ಲ ಅನ್ನುವ ಹಾಗಿಲ್ಲ. ಬದಲಿಗೆ ತಮ್ಮ ಗಳಿಕೆಯಿಂದ ಅವರು ರಾಯಲ್ಟಿ ಕಟ್ಟಬೇಕು, ಒಂದೇ ಸಂಸ್ಥೆ ಅದನ್ನು ವಸೂಲಿ ಮಾಡಿ ಹಕ್ಕುದಾರರಿಗೆ ಹಂಚಬೇಕು. ಐಟಿ ಕಂಪನಿಗಳ ಸಂಘ ನಾಸ್ಕಾಂ ಇದಕ್ಕೆ ಒಪ್ಪಿಲ್ಲ, ಅದು ಹಾಗಿರಲಿ. ನನ್ನ ಕಣ್ಣು ನೆಟ್ಟಿದ್ದು "ಹಕ್ಕುದಾರರು" ಅನ್ನುವ ಪದದ ಮೇಲೆ. ನನ್ನ ಗುಬ್ಬಿಗೆ ನಾಳೆ ನಾಲ್ಕು ಕಾಸು ಬಂದರೆ ಹೋಗುವುದು ಪ್ರೆಸ್‌ಗೆ!

ಯಾರು ಕೇಳುತ್ತಾರೆ ಅಂದಿರಲ್ಲ, 2012ಕ್ಕೆ ಮುಂಚೆ ಸಿನಿಮಾ ಹಾಡು ಬರೆದವರ ಕಥೆಯೂ ಹೀಗೇ ಇತ್ತು. ಒಂದು ಸಲ ದುಡ್ಡು, ಆಮೇಲೆ ಹಾಡು ನಿರ್ಮಾಪಕರದ್ದು. ಹಾಡು ಬರೆದವರು ಪಟ್ಟು ಹಿಡಿದರು. ಹಿಂದಿ ಸಿನಿಮಾ ಹಾಡು ಬರೆಯುವ, ಆಗ ಸಂಸದರಾಗಿದ್ದ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲೇ ಮಾತಾಡಿದರು. ಹಾಡಿನ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ರಾಯಲ್ಟಿಯ ಪಾಲು ಕೈತಪ್ಪದ ಹಾಗೆ ಆ ವರ್ಷ ಕಾನೂನು ಬದಲಾಯಿತು. ಚಿತ್ರ ಬರೆದವರಿಗೂ ಅದೇ ರಕ್ಷಣೆ ಕೊಡಿ ಅಂತ ಒಂದು ಪುಟ ಬರೆದು ಕಳಿಸಿದೆ. ಇಂಗ್ಲಿಷ್ ತಿದ್ದಿದ್ದು ಮಗಳು. ಎಐನಿಂದ ಕಲೆ ಸಾಯುತ್ತದೆ ಅಂತ ನಾನು ಉದ್ದುದ್ದ ಬರೆದಿದ್ದನ್ನೆಲ್ಲ ಹೊಡೆದುಹಾಕಿದಳು, ಗುಬ್ಬಿ ಮಾತ್ರ ಉಳಿಸಿದಳು. ನೀವೂ ಬರೆಯುವುದಾದರೆ ನಿಮ್ಮ ಗುಬ್ಬಿ ಯಾವುದು ಅಂತ ಮೊದಲು ಹುಡುಕಿಕೊಳ್ಳಿ.

ಈಗ ಅದೇ ಪ್ರೆಸ್‌ಗೆ ಕೆಲಸ ಮಾಡಿದರೂ ಬಿಲ್ಲಿನ ಮೇಲೆ ಒಂದು ಸಾಲು ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ: "ಚಿತ್ರದ ಹಕ್ಕು ಬರೆದವನದ್ದು. ಬಳಕೆ ಈ ಕಾರ್ಡಿಗೆ ಮಾತ್ರ." ಮಾಲೀಕರು ನಗುತ್ತಾರೆ, ಸಹಿ ಹಾಕುತ್ತಾರೆ. ಒಂದು ಟೀ ಜಾಸ್ತಿ ಖರ್ಚು, ಅಷ್ಟೇ.