ಹಳೇ ರೋಬೋಟ್ ಬ್ಯಾಂಡ್ ಕೊಂಡು ಮಕ್ಕಳ ಪಾರ್ಟಿ ಹಾಲ್ ಶುರು ಮಾಡಬಹುದಾ?

ಎಂಬತ್ತರ ದಶಕದ ಅಮೆರಿಕದ ಮಕ್ಕಳ ಪಿಜ್ಜಾ ಹೋಟೆಲ್ ಸರಪಳಿ ಶೋಬಿಜ್ ಪಿಜ್ಜಾದಲ್ಲಿದ್ದಂಥ ಹಾಡುವ ರೋಬೋಟ್ ಗೊಂಬೆಗಳ ಸೆಟ್ ಸಿಗುತ್ತಿದೆ, ಹ್ಯೂಸ್ಟನ್ ಹತ್ತಿರ ಪಾರ್ಟಿ ಹಾಲ್ ಹಾಕಿದರೆ ನಡೆಯುತ್ತಾ, ಇಲ್ಲಾ ಚಕ್ ಇ. ಚೀಸ್‌ನಂಥ ದೊಡ್ಡ ಸರಪಳಿಯ ಫ್ರಾಂಚೈಸಿ ತಗೊಳ್ಳಲಾ ಅಂತ ಕೇಳಿದ್ದೀರಿ. ತೊಂಬತ್ತರ ದಶಕದಲ್ಲಿ ಇದೇ ಟೆಕ್ಸಾಸ್ ಕರಾವಳಿಯಲ್ಲಿ ನಾನು, ನಮ್ಮ ಭಾವ ಸೇರಿ ಇದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇವೆ.

ಮುಚ್ಚಿಹೋಗಿದ್ದ ಒಂದು ಪಿಜ್ಜಾ ಹೋಟೆಲಿನಿಂದ ಕರಡಿ, ನಾಯಿ, ಡ್ರಮ್ ಸೆಟ್ ಎಲ್ಲಾ ಟ್ರಕ್ಕಿನಲ್ಲಿ ಹೇರಿಕೊಂಡು ಬಂದೆವು. ಭಾವ ದಾವಣಗೆರೆಯವರು, ಕಂಪನಿ ನಾಟಕ ನೋಡಿಕೊಂಡು ಬೆಳೆದವರು. "ಪರದೆ ಎದ್ದರೆ ಸಾಕು ಕಣಯ್ಯಾ, ಜನ ತಾವಾಗೇ ಬರ್ತಾರೆ" ಅಂದರು. ಇದ್ದ ದುಡ್ಡೆಲ್ಲಾ ವೇದಿಕೆಗೆ, ಲೈಟಿಗೆ, ಹೊಸ ತುಪ್ಪಳಕ್ಕೆ ಹೋಯಿತು. ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಮಾತ್ರ ಆಮೇಲೆ ಹಾಕಿಸೋಣ ಅಂತ ಬಿಟ್ಟೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಕಾಲದ ಗೊಂಬೆಗಳು ಆಡುವುದು ಗಾಳಿಯಿಂದ. ಟೇಪಿನಲ್ಲಿ ಹಾಡಿನ ಜೊತೆ ಸಿಗ್ನಲ್ಲಿಗೆ ಅಂತಲೇ ಬೇರೆ ಟ್ರ್ಯಾಕ್ ಇರುತ್ತೆ. ಸಿಗ್ನಲ್ ಬಂದ ಕೂಡಲೇ ವಾಲ್ವ್ ತೆರೆದು ಗಾಳಿ ಸಿಲಿಂಡರಿಗೆ ನುಗ್ಗುತ್ತೆ, ಕರಡಿ ಬಾಯಿ ತೆರೆಯುತ್ತೆ. ಒಂದು ರೆಪ್ಪೆ ಮಿಟುಕಿಸೋಕೂ ಒಂದು ಸಿಲಿಂಡರ್. ಗಾಳಿ ಬರುವುದು ಹಿಂದಿನ ಕೋಣೆಯ ಕಂಪ್ರೆಸರಿನಿಂದ. ಒತ್ತಿದ ಗಾಳಿ ಬಿಸಿಯಾಗುತ್ತೆ, ಪೈಪಿನಲ್ಲಿ ಹೋಗ್ತಾ ತಣ್ಣಗಾಗುತ್ತೆ, ಆಗ ಒಳಗಿನ ತೇವ ನೀರಾಗಿ ಇಳಿಯುತ್ತೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರವಾ? ಆ ನೀರು ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಬೆಳ್ಳಗೆ, ಹಳಸಿದ ಮಜ್ಜಿಗೆಯ ಹಾಗೆ, ವಾಲ್ವಿನೊಳಗೆ ಕೂತಿತು. ಮೊದಲು ರೆಪ್ಪೆ ನಿಧಾನವಾಯಿತು. ಆಮೇಲೆ ದವಡೆ. ಒಂದು ಶನಿವಾರ ಹುಟ್ಟುಹಬ್ಬದ ಹಾಡಿನ ನಡುವೆ ಕರಡಿ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಹಾಡು ಮುಗಿದರೂ ಬುಸ್ ಅಂತ ಗಾಳಿ ಬಿಡುತ್ತಾ ನಿಂತಿತ್ತು. ಹುಟ್ಟುಹಬ್ಬದ ಹುಡುಗಿ ಅತ್ತು ರಂಪ ಮಾಡಿದಳು, ದುಡ್ಡು ವಾಪಸ್ ಕೊಟ್ಟೆವು.

ಆಮೇಲೆ ಡ್ರೈಯರ್ ಹಾಕಿಸಿದೆವು, ಆದರೆ ಅಷ್ಟರಲ್ಲಿ ವಾಲ್ವ್‌ಗಳು ತುಕ್ಕು ಹಿಡಿದಿದ್ದವು. ಒಂದು ಬದಲಾಯಿಸಿದರೆ ಪಕ್ಕದ್ದು ಕೈ ಕೊಡುತ್ತಿತ್ತು. ಹೊಸ ಆಟದ ಮಷಿನಿಗೆ ಇಟ್ಟಿದ್ದ ದುಡ್ಡು ಅದಕ್ಕೇ ಸುರಿದೆವು. ಹೊಸ ಆಟ ಬರಲೇ ಇಲ್ಲ, ಅಂಗಡಿ ಮುಚ್ಚಿದ್ದು ನಿಜವಾಗಿ ಇದರಿಂದ. ಅದೇ ಹಳೇ ಆಟ ಎಷ್ಟು ಸಲ ಆಡ್ತಾರೆ ಹೇಳಿ?

ಗೊಂಬೆ ನೋಡಿ ಮಕ್ಕಳು ಹೆದರಿದ್ದಕ್ಕೇ ಶೋಬಿಜ್ ಮುಳುಗಿತು ಅಂತ ಬರೆದಿದ್ದೀರಿ. ಸುಮ್ನೆ ಮಾತು. ಮುಳುಗಿದ್ದು ಅದರ ಎದುರಾಳಿ. ವಿಡಿಯೋ ಗೇಮ್ ಕಂಪನಿ ಅಟಾರಿಯ ನೋಲನ್ ಬುಶ್ನೆಲ್ 1977ರಲ್ಲಿ ಸ್ಯಾನ್ ಹೋಸೆಯಲ್ಲಿ ಪಿಜ್ಜಾ ಟೈಮ್ ಥಿಯೇಟರ್ ತೆರೆದ. ಆಗ ವಿಡಿಯೋ ಗೇಮ್ ಅಂದರೆ ಬಾರಿನಲ್ಲಿ, ಬೌಲಿಂಗ್ ಹಾಲಿನಲ್ಲಿ ಇರುತ್ತಿತ್ತು. ಪಿಜ್ಜಾ ಬೇಯುವ ತನಕ ಮಕ್ಕಳು ಆಟಕ್ಕೆ ಟೋಕನ್ ಹಾಕಲಿ ಅನ್ನೋದೇ ಅವನ ಲೆಕ್ಕ. ಗೊಂಬೆ ಇದ್ದದ್ದು ಅಪ್ಪ ಅಮ್ಮಂದಿರಿಗೆ ಇದು ಸಂಸಾರಸ್ಥರ ಜಾಗ ಅನ್ನಿಸೋಕೆ. ಹೋಟೆಲ್ ಉದ್ಯಮಿ ರಾಬರ್ಟ್ ಬ್ರಾಕ್ 1979ರಲ್ಲಿ ಇಂಥದ್ದೇ ಅಂಗಡಿ ತೆರೆಯೋಕೆ ಬುಶ್ನೆಲ್ ಜೊತೆ ಒಪ್ಪಂದ ಮಾಡಿಕೊಂಡ. ಆಮೇಲೆ ಒರ್ಲ್ಯಾಂಡೋದ ಆರನ್ ಫೆಕ್ಟರ್ ಮಾಡಿದ ಗೊಂಬೆಗಳು ಇನ್ನೂ ಚೆನ್ನಾಗಿವೆ ಅಂತ ಅತ್ತ ಹಾರಿದ. 1980ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಶೋಬಿಜ್ ಶುರುವಾಯಿತು. ಬುಶ್ನೆಲ್ ಕಡೆಯವರು ಕೋರ್ಟಿಗೆ ಹೋದರು, ಕೊನೆಗೆ ರಾಜಿಯಾಯಿತು. 1983ರಲ್ಲಿ ವಿಡಿಯೋ ಗೇಮ್ ವ್ಯಾಪಾರ ಬಿತ್ತು, 1984ರಲ್ಲಿ ಪಿಜ್ಜಾ ಟೈಮ್ ದಿವಾಳಿ ಅರ್ಜಿ ಹಾಕಿತು. ಅದನ್ನು ಕೊಂಡದ್ದು ಇದೇ ಶೋಬಿಜ್!

ಹಾಗಾದರೆ ಶೋಬಿಜ್ ಹೆಸರು ಯಾಕೆ ಉಳಿಯಲಿಲ್ಲ? ಅದರ ಬ್ಯಾಂಡ್ ರಾಕ್-ಅಫೈರ್ ಎಕ್ಸ್‌ಪ್ಲೋಷನ್ ಪಾತ್ರಗಳ ಹಕ್ಕು ಫೆಕ್ಟರ್ ಕೈಲಿತ್ತು. ಪಿಜ್ಜಾ ಟೈಮ್ ಜೊತೆ ಬಂದ ಚಕ್ ಇ. ಚೀಸ್ ಅನ್ನೋ ಇಲಿ ಮಾತ್ರ ಕಂಪನಿಯ ಸ್ವಂತ ಆಸ್ತಿ. ಹೀಗಾಗಿ 1990ರಿಂದ ಅದೇ ಲೋಹದ ಮೈಗೆ ಬೇರೆ ಮುಖ, ಬೇರೆ ಬಟ್ಟೆ ತೊಡಿಸುತ್ತಾ ಹೋದರು. ರೋಲ್ಫ್ ಅನ್ನೋ ತೋಳ ಚಕ್ ಇಲಿಯಾಯಿತು, ಕೀಬೋರ್ಡಿನ ಗೊರಿಲ್ಲಾ ಫ್ಯಾಟ್ಜ್ ನೇರಳೆ ಬಣ್ಣದ ಮಂಚ್ ಆಯಿತು. 1992ರ ಹೊತ್ತಿಗೆ ಶೋಬಿಜ್ ಬೋರ್ಡುಗಳೆಲ್ಲಾ ಇಳಿದು ಚಕ್ ಇ. ಚೀಸ್ ಹೆಸರು ಬಂತು. ಮಕ್ಕಳ ಹೆದರಿಕೆಗೂ ಇದಕ್ಕೂ ಏನು ಸಂಬಂಧ?

ಇನ್ನು ಫ್ರಾಂಚೈಸಿ ತಗೊಂಡರೂ ಈ ಗೊಂಬೆ ನಿಮಗೆ ಸಿಗಲ್ಲ. ಚಕ್ ಇ. ಚೀಸ್‌ನವರೇ 2017ರಿಂದ ಗೊಂಬೆ ತೆಗೆದು ಡ್ಯಾನ್ಸ್ ಫ್ಲೋರ್ ಹಾಕೋಕೆ ಶುರು ಮಾಡಿದರು. ಹಾಗಾಗಿ ಸ್ವಂತದ್ದಾ ಫ್ರಾಂಚೈಸಿಯಾ ಅನ್ನೋ ಪ್ರಶ್ನೆ ಪಕ್ಕಕ್ಕಿಡಿ. ಆಟಗಳ ವರಮಾನದಲ್ಲೇ ಬಾಡಿಗೆ ಹುಟ್ಟುತ್ತಾ ನೋಡಿ. ಹುಟ್ಟದಿದ್ದರೆ ಯಾವ ಕರಡಿಯೂ ನಿಮ್ಮನ್ನು ಕಾಪಾಡಲ್ಲ.

ಅಷ್ಟಾಗಿಯೂ ಮನಸ್ಸು ತಡೆಯದಿದ್ದರೆ ಒಂದೇ ಗೊಂಬೆ ತಗೊಳ್ಳಿ, ಬ್ಯಾಂಡ್ ಬೇಡ. ಮಾರುವವರು ಒಂದು ಹಾಡು ಹಾಕಿ ತೋರಿಸಿ ಮುಗಿಸ್ತಾರೆ, ಬಿಡಬೇಡಿ. ಗಂಟೆಗಟ್ಟಲೆ ಓಡಿಸಿ ಅನ್ನಿ. ತುಟಿಯ ಅಂಚಿನ ರಬ್ಬರ್ ಎಳೆದು ನೋಡಿ, ಬಿರುಕು ಬಿಡೋದು ಮೊದಲು ಅಲ್ಲೇ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ ಅನ್ನಿ. ಎಣ್ಣೆ ಬೆರೆತ ಬಿಳಿ ನೀರು ಸುರಿದರೆ ಚೆಕ್ ಬುಕ್ ಜೇಬಿಗೆ ಹಾಕಿಕೊಂಡು ಮನೆಗೆ ಬನ್ನಿ.